ಶೀಲವಂತ ಕೋಳಿ

ಕೋಳಿಗೆ ಹುಳ ತಿನ್ನುವುದನ್ನು ಬಿಡಿಸಿ, ಬರೀ ಕಾಳಿನ ಮೇಲೆ ಬದುಕುವ ವ್ರತ ಹಿಡಿಸಲು ಹೊರಟ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ. ಯಲಬುರ್ಗಾದ ಪೇಟೆಯಲ್ಲಿ ಅವರದು ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ. ಅಂಗೈಯಲ್ಲಿ ಹಿಡಿ ಜೋಳ ಹಾಕಿಕೊಂಡು ಒಮ್ಮೆ ಕುಲುಕಿದರೆ ಸಾಕು, ಅದು ಯಾವ ಊರಿನ ಹೊಲದ್ದು, ಎಷ್ಟು ಮಳೆ ಕಂಡಿದೆ, ರೈತ ಚೀಲದ ತಳಕ್ಕೆ ಏನು ತುಂಬಿದ್ದಾನೆ, ಎಲ್ಲ ಹೇಳಿಬಿಡುವರು. ಜಗತ್ತಿನ ಯಾವ ವಸ್ತುವನ್ನಾದರೂ ಹೀಗೆ ಕುಲುಕಿ ತಿಳಿದುಕೊಳ್ಳಬಹುದೆಂಬುದು ಅವರ ನಂಬಿಕೆ. ಮನುಷ್ಯರನ್ನೂ! ನಾನು ಹೈದರಾಬಾದಿನಲ್ಲಿ ಬಿ.ಎ. ಪರೀಕ್ಷೆ ಬರೆದು ಬಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಳು ಛಲೋ ಐತಿ. ಒಣಗಿಸಿದ್ದು ಹೆಚ್ಚಾತು" ಎಂದರು.

ನಾನು ಅವರ ಮನೆಗೆ ಹೋದದ್ದು ಅತ್ತೆಯ ಆರೈಕೆಗೆ. ಮುದ್ದತಿನ ಜ್ವರ, ಡಾಕ್ಟರ್ ಭಾಷೆಯಲ್ಲಿ ಟೈಫಾಯ್ಡ್, ಅವಳನ್ನು ಬಿಟ್ಟಿತ್ತು, ಆದರೆ ಹಾಸಿಗೆ ಬಿಟ್ಟಿರಲಿಲ್ಲ. ಕೂದಲು ಉದುರಿತ್ತು. ಕೈ ಎತ್ತಿದರೆ ಬಳೆ ಮೊಣಕೈಗೆ ಜಾರುತ್ತಿತ್ತು. ಹಾಲು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಯುದ್ಧದ ಕಾಲ, ಶಕ್ತಿಯ ಔಷಧದ ಸೀಸೆ ಕೊಪ್ಪಳದಲ್ಲೂ ಸಿಗುತ್ತಿರಲಿಲ್ಲ. ಡಾಕ್ಟರ್ ಸಾಹೇಬರು ನಾಡಿ ನೋಡಿ, "ರೋಜ್ ಏಕ್ ಅಂಡಾ ಖಿಲಾವ್, ಸಾಹುಕಾರ್. ನಹೀಂ ತೋ..." ಎಂದರು. ದಿನಕ್ಕೊಂದು ಮೊಟ್ಟೆ ತಿನ್ನಿಸಿ, ಇಲ್ಲವಾದರೆ, ಎಂದು ಮಾತನ್ನು ಅಲ್ಲಿಗೇ ಬಿಟ್ಟರು. ಆ ಬಿಟ್ಟ ಮಾತು ನಮಗೆಲ್ಲರಿಗೂ ಸರಿಯಾಗಿ ಕೇಳಿಸಿತು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ತತ್ತಿ ಎಂಬ ಶಬ್ದವನ್ನೂ ನಾವು ಹೊಸ್ತಿಲಾಚೆ ನಿಂತೇ ಆಡುತ್ತಿದ್ದೆವು. ಮಾಮಾ ಅಂಗಡಿಯಲ್ಲಿ ಕೂತು ಯೋಚಿಸಿ, ಒಂದು ಸಿದ್ಧಾಂತ ಕಟ್ಟಿಕೊಂಡು ಬಂದು ಆಯಿಯ ಮುಂದೆ ನಿಂತರು. ಆಯಿ ಎಂದರೆ ಅವರ ತಾಯಿ, ನನ್ನ ಅಜ್ಜಿ.

"ದೋಷ ತತ್ತಿದಲ್ಲಬೇ, ಕೋಳಿದು. ಕೋಳಿ ಹುಳಾ ತಿಂತೈತಿ, ತಿಪ್ಪಿ ಕೆದರತೈತಿ, ಅದಕ್ಕ ತತ್ತಿ ಮೈಲಿಗಿ. ನಾ ಸಣ್ಣ ಮರಿ ತಂದು ಬರೇ ಜ್ವಾಳದ ಮ್ಯಾಲ ಬೆಳಸ್ತೇನಿ. ಜ್ವಾಳಾ ಒಳಗ ಹೋದ್ರ ಹೊರಗ ಬರೋದೂ ಜ್ವಾಳನ ಅಲ್ಲೇನು?"

"ನಿನಗ ಹಲ್ಲು ಬಂದಾಗಿಂದ ನಾನೂ ಜ್ವಾಳದ ರೊಟ್ಟೀನ ತಿನಿಸೀನಿ. ಬುದ್ಧಿ ಯಾಕ ಹೊರಗ ಬರಲಿಲ್ಲೋ, ಎಪ್ಪಾ?" ಎಂದಳು ಆಯಿ. ಆಮೇಲೆ ದನಿ ತಗ್ಗಿಸಿ, "ಮರಿ ದೊಡ್ಡದಾಗಿ ತತ್ತಿ ಇಡೋ ತನಕಾ ಆಕಿ ಇರಬೇಕಲ್ಲೋ" ಎಂದಳು.

"ಇರತಾಳ," ಎಂದರು ಮಾಮಾ.

ನಾನು ತರ್ಕಶಾಸ್ತ್ರ ಓದಿದವಳು. ಈ ವಾದದ ದೋಷ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಲ್ಲೆ. ಅವರ ಮುಖ ನೋಡಿ, ಸಂತೆ ಯಾವತ್ತು ಎಂದು ಕೇಳಿದೆ.

ತಾವರಗೇರಾದ ಸಂತೆಗೆ ಬಂಡಿ ಕಟ್ಟಿಸಿದರು. ನಾನು ಬಂಡಿಯಲ್ಲೇ ಕೂತು ನೋಡಿದೆ. ಮರಿ ಮಾರುವ ಮುದುಕಿಯ ಬುಟ್ಟಿಯ ಮುಂದೆ ಕುಳಿತು ಮಾಮಾ ಒಂದೊಂದೇ ಮರಿಯನ್ನು ಅಂಗೈಯಲ್ಲಿಟ್ಟು ಕುಲುಕಿದರು! ತೂಕ ಇದ್ದದ್ದು, ಕಾಲು ದಪ್ಪ ಇದ್ದದ್ದು, ಕುಲುಕಿದ ಕೂಡಲೇ ಮೈಮೇಲೆ ಬರುವಂತೆ ಚೀರುವುದು, ಇಂಥವನ್ನೇ ಆರಿಸಿ ಇತ್ತ ಇಟ್ಟರು. ಮುದುಕಿ ಬಾಯಿಗೆ ಸೆರಗು ಹಿಡಿದುಕೊಂಡು, "ಏನ್ ಕಣ್ಣರಿ ಸಾಹುಕಾರ್ರ ನಿಮ್ಮವು!" ಎಂದು ಹೊಗಳಿ, ಕುತ್ತಿಗೆಯ ಮೇಲೆ ಪುಕ್ಕವಿಲ್ಲದ ಬಡಕಲು ಮರಿಯೊಂದನ್ನು ಕೊಸರು ಎಂದು ಮೇಲೆ ಹಾಕಿದಳು. ಕಾಳು ಮಾರುವವರಿಗೆ ಕೊಸರು ಬೇಡ ಎನ್ನಲು ಬರುತ್ತದೆಯೇ? ತಂದರು.

ಕೋಳಿ ಸಾಕುವುದು ಕಲಿತವರಿಗೆ ಸುಲಭವಂತೆ. ನಮಗೆ ಮೊದಲ ಸಂಜೆಯೇ ಒಂದು ಮರಿ ನೀರಿನಲ್ಲಿ ಮುಳುಗಿತು. ನಮ್ಮ ಹಿತ್ತಲಲ್ಲಿ ಕೆರೆಯಿರಲಿಲ್ಲ; ಮಾಮಾ ಗೌರವದಿಂದ ಕಂಚಿನ ಬಟ್ಟಲಲ್ಲಿ ನೀರಿಟ್ಟಿದ್ದರು. ಮುಳುಗಿದ್ದನ್ನು ಎತ್ತಿ ಒಲೆಯ ಬಳಿ ತಂದಾಗ ಆಯಿ ಊದುಗೊಳವಿ ಹಿಡಿದು ಅಡ್ಡ ನಿಂತಳು. ಮಾಮಾ ಮರಿಯನ್ನು ಅಂಗಿಯೊಳಗೆ ಬಿಟ್ಟುಕೊಂಡು, ಅದು ಒಣಗುವ ತನಕ ಹಾಗೆಯೇ ಅಂಗಡಿಯಲ್ಲಿ ರೈತರೊಂದಿಗೆ ದರ ಮಾತಾಡಿದರು. ಎದೆ ಚಿಂವ್ ಚಿಂವ್ ಎನ್ನುವ ಅಡತಿದಾರನನ್ನು ಆ ರೈತರು ಹಿಂದೆ ಕಂಡಿರಲಾರರು. ಮರುದಿನದಿಂದ ನೀರಿಗೆ ಡಬ್ಬಿಯ ಮುಚ್ಚಳ ಬಂತು. ತಾಯಿಯಿಲ್ಲದ ಮರಿಗಳಿಗೆ ಬೋರಲು ಬುಟ್ಟಿ, ಬುಟ್ಟಿಯ ಮೇಲೆ ಕೌದಿ, ಬೆಕ್ಕು ಉರುಳಿಸದಂತೆ ಕೌದಿಯ ಮೇಲೆ ಕಲ್ಲು. ಹಗಲು ಹದ್ದಿನ ಕಾಟಕ್ಕೆ ಮಾಮಾ ಸ್ವತಃ ಛತ್ರಿ ಹಿಡಿದು ಹಿತ್ತಲಲ್ಲಿ ತಿರುಗುತ್ತಿದ್ದರು.

ಪಡಸಾಲೆಯ ಕಿಟಕಿಯಿಂದ ಅತ್ತೆ ಮಲಗಿದಲ್ಲೇ ನೋಡುವಳು. "ನೋಡ್ರಿಲ್ಲೆ," ಎಂದು ಕ್ಷೀಣ ದನಿಯಲ್ಲಿ ಕರೆಯುವಳು, "ಹದ್ದು ನಿಮ್ಮನ್ನ ಎತಗೊಂಡು ಹೋದೀತು. ಛತ್ರಿ ಭದ್ರ ಹಿಡಕೋರಿ!"

ಆದರೆ ಛತ್ರಿಯ ಮುಖ್ಯ ಕೆಲಸ ಹದ್ದು ಓಡಿಸುವುದಾಗಿರಲಿಲ್ಲ. ಮರಿಗಳ ಶೀಲ ಕಾಯುವುದಾಗಿತ್ತು. ಮರಿಯೊಂದು ಗೆದ್ದಲಿನ ಮಣ್ಣಿಗೆ ಕಾಲು ಹಾಕಿದರೆ ಸಾಕು, ಛತ್ರಿಯ ತುದಿ ಅಲ್ಲಿ ಹಾಜರು. "ಏ! ಬಿಡದನ್ನ! ನುಚ್ಚು ತಿನ್ನು!" ಮರಿಗಳ ಹಣೆಗೆ ವಿಭೂತಿ ಹಚ್ಚುವುದೊಂದು ಬಾಕಿ ಇತ್ತು. ಇಷ್ಟೆಲ್ಲ ಪಾವಿತ್ರ್ಯದ ಫಲವಾಗಿ ಮರಿಗಳು ರೆಕ್ಕೆ ಜೋಲು ಬಿಟ್ಟು, ಕಣ್ಣು ಮುಚ್ಚಿ, ಜಪಕ್ಕೆ ಕೂತಂತೆ ಗೋಡೆಯ ಬುಡದಲ್ಲಿ ಕೂರತೊಡಗಿದವು.

ಅವುಗಳ ಪುಣ್ಯ, ಮೊದಲ ಮಳೆ ಬಿತ್ತು. ಸಂಜೆಗೆ ನೆಲದೊಳಗಿನಿಂದ ರೆಕ್ಕೆಯ ಹುಳುಗಳು ಹೊಗೆಯಂತೆ ಎದ್ದವು. ಮಾಮಾ ಅಂಗಡಿಯಿಂದ ಬರುವಷ್ಟರಲ್ಲಿ ಹಿತ್ತಲಲ್ಲಿ ಊಟ ಮುಗಿದು, ಮರಿಗಳು ಕೊಕ್ಕು ಒರೆಸಿಕೊಳ್ಳುತ್ತಿದ್ದವು. ಮರುದಿನ ಎಲ್ಲವೂ ಜಿಗಿದಾಡಿದವು! ಮಾಮಾ ಬಹಳ ಹೊತ್ತು ನಿಂತು ನೋಡಿದರು. ಅಂದಿನಿಂದ ಅವರು ಹಿತ್ತಲಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರುವುದನ್ನು ರೂಢಿ ಮಾಡಿಕೊಂಡರು.

"ಯಾಕ ಮಾಮಾ, ಅವುಗಳಿಗೆ ಬೆನ್ನು ಮಾಡಿ ಕುಂತೀರಿ?" ಎಂದೆ.

"ನಾ ಏನೂ ನೋಡಿಲ್ಲವಾ. ನೋಡಲಾರದ್ದು ಪಾಪ ಅಲ್ಲ."

ಆಷಾಢ ಕಳೆಯಿತು. ನಾನು ಪಾಸಾದ ಸುದ್ದಿ ಬಂದ ದಿನವೇ ಒಂದು ಮರಿ ಕೊರಳೆತ್ತಿ ಕೂಗಿತು. ಮನೆಯಲ್ಲಿ ಯಾರಿಗೂ ನನ್ನ ಸುದ್ದಿ ಕೇಳಿಸಲಿಲ್ಲ. "ದನಿ ನೋಡ, ದನಿ!" ಎಂದು ಮಾಮಾ ಹಿಗ್ಗಿದರು. ಮರುದಿನ ಇನ್ನೊಂದು ಕೂಗಿತು. ಅದರ ಹಿಂದೆ ಮತ್ತೊಂದು. ಇಡೀ ಓಣಿ ನಸುಕಿನಲ್ಲಿ ಎದ್ದು ಕೂರತೊಡಗಿತು. ಕಡೆಗೆ ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಎಪ್ಪಾ, ನಿನ್ನ ಶಾಸ್ತ್ರದಾಗ ಹುಂಜಾ ತತ್ತಿ ಇಡತೈತೇನೋ?"

ಮಾಮಾ ಅಂಗೈ ನೋಡಿಕೊಂಡರು. ಭಾರ ಇದ್ದದ್ದು, ಕಾಲು ದಪ್ಪ ಇದ್ದದ್ದು, ಜೋರಾಗಿ ಚೀರಿದ್ದು! ಆರಿಸಿದ್ದೆಲ್ಲ ಹುಂಜ!

ಬುಟ್ಟಿ ಸಮೇತ ತಾವರಗೇರಾಕ್ಕೆ ಹೋದರು. ಮುದುಕಿ ಸ್ವಲ್ಪವೂ ಅಳುಕಲಿಲ್ಲ. "ನೀವ ಆರಿಸಿ ಆರಿಸಿ ತಗೊಂಡ್ರಿ. ನಾ ಏನರ ಕೈ ಹಚ್ಚಿದ್ನೇನ್ರಿ? ಈಗ ಮಾರಿಬಿಡ್ರಿ, ಛಲೋ ಗಿರಾಕಿ ಬರತಾರ."

"ತಗೊಂಡವ್ರು ಇವನ್ನ ಏನ್ ಮಾಡತಾರ?"

"ಪೂಜಿ ಮಾಡತಾರ್ರಿ!"

ಸಂತೆಯೆಲ್ಲ ನಕ್ಕಿತು. ಮಾಮಾ ಬುಟ್ಟಿಯನ್ನು ಮತ್ತೆ ಬಂಡಿಗೇರಿಸಿದರು. ತಾವೇ ಕೌದಿ ಹೊದಿಸಿ ಬೆಳೆಸಿದ್ದನ್ನು ಇನ್ನೊಬ್ಬರ ಸಾರಿಗೆ ಕೊಡುವುದು ಅವರಿಂದ ಆಗಲಿಲ್ಲ. ಹುಂಜಗಳ ಸಂಸ್ಥಾನ ನಮ್ಮ ಹಿತ್ತಲಲ್ಲೇ ಮುಂದುವರಿಯಿತು. ದಿನಕ್ಕೊಂದು ಯುದ್ಧ, ಪತ್ರಿಕೆಯ ಯುದ್ಧ ಬೇರೆ. ಹೇಂಟೆಯೆಂದು ಉಳಿದದ್ದು ಕೊಸರಿಗೆ ಬಂದ ಆ ಬೋಳು ಕುತ್ತಿಗೆಯದೊಂದೇ. ಮನೆಯ ಆಸೆಯೆಲ್ಲ ಅದರ ಮೇಲೆ ನಿಂತಿತು.

ಅತ್ತೆ ಈಗ ಕಿಟಕಿಯಿಂದ ಮಾತಾಡುವುದನ್ನೂ ಬಿಟ್ಟಿದ್ದಳು. ಒಂದು ಮಧ್ಯಾಹ್ನ ನಾನು ಅವಳ ಕಾಲು ಒತ್ತುತ್ತಿದ್ದಾಗ ತಾನಾಗಿಯೇ ಹೇಳಿದಳು: "ತತ್ತಿ ಬಂದ್ರೂ ನಾ ತಿನ್ನಾಂಗಿಲ್ಲವಾ. ನಿಮ್ಮ ಮಾಮಾಗ ಹೇಳಬ್ಯಾಡ, ಪಾಪ, ಗುದ್ದಾಡಾಕತ್ತಾರ."

"ಯಾಕ ಅತ್ತಿ?"

"ಕೊಳ್ಳಾಗ ಲಿಂಗ ಐತಿ. ತತ್ತಿ ತಿಂದಾಕಿನ್ನ ಸತ್ತ ಮ್ಯಾಲ ಎಲ್ಲಿ ಒಯ್ದು ಹಾಕತಾರೋ! ನಿಮ್ಮ ಮಾಮಾ ಪುಣ್ಯವಂತ್ರು, ಬ್ಯಾರೆ ಕಡಿಗೆ ಹೋಗತಾರ. ಅಲ್ಲಿ ನಾ ಒಬ್ಬಾಕಿ ಯಾರ ಕೂಡ ಜಗಳಾ ಮಾಡ್ಲಿ?"

ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನನ್ನ ಸ್ವಭಾವವಲ್ಲ. ಅಂದು ಸಂಜೆ ಅಂಗಡಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ ಬಂದೆ. ಮಾಮಾ ಕೈಯಲ್ಲಿದ್ದ ಜೋಳವನ್ನು ಕುಲುಕುತ್ತಲೇ ಇದ್ದರು. ಅದು ಯಾವ ಊರಿನದೆಂದು ಹೇಳಲಿಲ್ಲ.

ಮಹಾನವಮಿ ಹತ್ತಿರವಾದಾಗ ಬೋಳು ಕುತ್ತಿಗೆಯ ಹೇಂಟೆ ಕಟ್ಟಿಗೆ ರಾಶಿಯ ಹಿಂದೆ ಒಂದು ತತ್ತಿ ಇಟ್ಟಿತು. ಇಟ್ಟದ್ದು ಒಂದು, ಊರಿಗೆಲ್ಲ ಸಾರಿದ್ದು ಅರ್ಧ ತಾಸು. ಆಯಿ ಅದನ್ನು ಕೇಳಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ನಾ ಮಠಕ್ಕ ಹೊಂಟೀನಿ. ಹೊತ್ತು ಮುಳುಗೋ ತನಕಾ ಬರೋದಿಲ್ಲ" ಎಂದಳು. ಅಂದು ಮಠದಲ್ಲಿ ಏನೂ ವಿಶೇಷವಿರಲಿಲ್ಲ.

ಮಾಮಾ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹೊಸ ಗಡಿಗೆಯಲ್ಲಿ ತತ್ತಿ ಬೇಯಿಸಿದರು. ಎಷ್ಟು ಹೊತ್ತು ಬೇಯಿಸಬೇಕೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ; ನೀರೆಲ್ಲ ಇಂಗಿ ಗಡಿಗೆ ಸದ್ದು ಮಾಡಿದ ಮೇಲೆ ಇಳಿಸಿದರು. ಸಿಪ್ಪೆಯೊಂದಿಗೆ ತಿರುಳೂ ಅಷ್ಟಷ್ಟು ಹೋಯಿತು. ಉಳಿದದ್ದನ್ನು ದಾರದಿಂದ ಎರಡು ಭಾಗ ಮಾಡಿ, ಎಲೆಯ ಮೇಲಿಟ್ಟುಕೊಂಡು ಹಾಸಿಗೆಯ ಪಕ್ಕ ಕೂತರು.

ಅತ್ತೆ ಮುಖ ಆಚೆ ತಿರುಗಿಸಿದಳು. "ಬ್ಯಾಡ್ರಿ."

ಮಾಮಾ ಒಂದು ಅರ್ಧವನ್ನು ಎತ್ತಿ ತಮ್ಮ ಬಾಯಿಗೆ ಹಾಕಿಕೊಂಡರು. ಅಗಿಯಲು ಬರಲಿಲ್ಲ. ಕಣ್ಣು ಮುಚ್ಚಿ, ಕುತ್ತಿಗೆ ಎತ್ತಿ, ಹಾಗೆಯೇ ನುಂಗಿದರು. ನೀರು ಕುಡಿದರು. ಆ ಸದ್ದಿಗೆ ಅತ್ತೆ ಈಚೆ ತಿರುಗಿದ್ದಳು.

"ಈಗ ನಾನೂ ಕೆಟ್ಟೆ," ಎಂದರು ಮಾಮಾ. "ನಿನ್ನ ಎಲ್ಲಿ ಒಯ್ದು ಹಾಕತಾರೋ ನನ್ನೂ ಅಲ್ಲೇ ಹಾಕತಾರ. ಬಾಯಿ ತಗಿ."

ಅತ್ತೆ ಅವರನ್ನೇ ನೋಡಿದಳು. ನನ್ನನ್ನೊಮ್ಮೆ ನೋಡಿದಳು, ನಾನು ಕಿಟಕಿಯಾಚೆ ಹುಂಜಗಳನ್ನು ನೋಡುತ್ತಿದ್ದೆ. ಆಮೇಲೆ ಬಾಯಿ ತೆರೆದಳು. ಬಹಳ ಹೊತ್ತು ಅಗಿದಳು.

"ಉಪ್ಪು ಹಾಕೋದು ಮರತೀರಿ," ಎಂದಳು.

ಉಪ್ಪು ತರಲು ಎದ್ದ ಮಾಮಾ ಅಡುಗೆಮನೆಗೆ ಹೋದವರು ಬೇಗ ಬರಲಿಲ್ಲ. ಉಪ್ಪಿನ ಗಡಿಗೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಆದರೂ ನಾನು ಒಳಗೆ ಹೋಗಲಿಲ್ಲ.