ಮೊದಲ ಕೀರ್ತನೆ ಮೂರು ಸಲ

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದಾರೆ. ಅವರು ಆ ಗಿಡವನ್ನು ಹೆಚ್ಚೆಂದರೆ ಅಲಕ್ಷಿಸಿರಬಹುದು. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋದವನು. ಹಿತ್ತಲ ಗಿಡವನ್ನು ಬೇರುಸಹಿತ ಕಿತ್ತು ಹಾಕಿ, ಅದರ ಬೀಜವನ್ನು ಜರ್ಮನಿಯಲ್ಲಿ ಬಿತ್ತಿ, ಕೈ ಝಾಡಿಸಿಕೊಂಡು ಊರಿಗೆ ಬಂದೆ. ಹೊಸಪೇಟೆಯ ಒಂದು ಸಣ್ಣ ಸಭೆಗೆ ಮೂವತ್ತು ವರ್ಷದಿಂದ ಪಾಲಕನಾಗಿರುವ ನಾನು, ಕ್ರೈಸ್ತ ಆರಾಧನೆಯ ಕ್ರಮ ಎಂಬ ಘನವಾದ ವಿಷಯದ ಮೇಲೆ ಪರದೇಶದಲ್ಲಿ ಹತ್ತು ದಿನ ಪಾಠ ಹೇಳಿದೆ. ಆ ಪಾಠದ ಫಲವಾಗಿ ನನ್ನ ಸಭೆಯ ಚಾಪೆಗಳು ಅರ್ಧ ಖಾಲಿಯಾದವು. ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಲಾರೆ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಆರಾಧನೆ ಒಂಬತ್ತಕ್ಕೆ. ಹೊಸಪೇಟೆಯವರು ಬಂದು ಕೂತು ಮೊದಲ ಕೀರ್ತನೆ ಹಾಡುವರು. ಒಂಬತ್ತೂವರೆಗೆ ಕಂಪ್ಲಿ ಬಸ್ಸು ಬಂದು ಮೆಟ್ರಿ ಕಡೆಯ ರೈತರು ಒಳಗೆ ಬಂದರೆ, ಅವರಿಗಾಗಿ ಅದೇ ಕೀರ್ತನೆಯನ್ನು ಮತ್ತೆ ಮೊದಲಿನಿಂದ ಹಾಡಬೇಕು. ಇಲ್ಲದಿದ್ದರೆ ಊಟದ ಪಂಕ್ತಿ ಎದ್ದ ಮೇಲೆ ಕರೆದಂತೆ ಅವರಿಗೆ ಅವಮಾನ. ಆಮೇಲೆ ಸಂಡೂರು ಕಡೆಯವರು. ಅವರ ವೇಳೆ ಅವರ ಕೈಯಲ್ಲಿರಲಿಲ್ಲ, ರಸ್ತೆ ತುಂಬಿ ನಿಲ್ಲುವ ಅದಿರು ಲಾರಿಗಳ ಕೈಯಲ್ಲಿತ್ತು. ಚೀನಾ ದೇಶಕ್ಕೆ ನಮ್ಮ ಅದಿರಿನ ಹಸಿವು ಹತ್ತಿದಂದಿನಿಂದ ನಮ್ಮ ಆರಾಧನೆ ನಿಜವಾಗಿ ಎಷ್ಟು ಹೊತ್ತಿಗೆ ಶುರುವಾಗಬೇಕೆಂಬುದನ್ನು ಚೀನಾ ದೇಶವೇ ನಿರ್ಧರಿಸುತ್ತಿತ್ತು. ಬಾಗಿಲ ಹೊರಗಿನ ಚಪ್ಪಲಿ ನೋಡಿದರೆ ಯಾರು ಬಂದರೆಂದು ತಿಳಿಯುವುದು. ಗದ್ದೆಯ ಕೆಸರಿದ್ದರೆ ಕಂಪ್ಲಿ, ಕೆಂಪು ಧೂಳಿದ್ದರೆ ಸಂಡೂರು. ಕೆಂಪು ಚಪ್ಪಲಿಗಳಲ್ಲಿ ಕೊನೆಯ ಜೊತೆ ಯಶವಂತನಗರದ ಮರಿಯಮ್ಮನದು. ವಾರವೆಲ್ಲ ಗಣಿಯಲ್ಲಿ ಅದಿರು ಒಡೆಯುವ ಹೆಂಗಸು. ಭಾನುವಾರ ಒಗೆದ ಬಿಳಿ ಸೀರೆಯಲ್ಲಿ ಮನೆ ಬಿಟ್ಟು, ನಮ್ಮಲ್ಲಿಗೆ ಬರುವಷ್ಟರಲ್ಲಿ ಸನ್ಯಾಸಿನಿಯಂತೆ ಕಾವಿಯಾಗಿರುತ್ತಿದ್ದಳು. ಆಕೆ ಬಾಗಿಲ ಬಳಿಯ ಚಾಪೆಯಲ್ಲಿ ಕೂತಳೆಂದರೆ ಕೀರ್ತನೆ ಮೂರನೆಯ ಸಲ. ಆಕೆಯ ಶ್ರುತಿ ಯಾವ ಹಾರ್ಮೋನಿಯಮ್ಮಿಗೂ ಸಿಕ್ಕಿದ್ದಲ್ಲ. ದನಿ ಮಾತ್ರ ಚಾವಣಿ ಮುಟ್ಟುತ್ತಿತ್ತು.

ಹಂಪಿ ನೋಡಲು ಬಂದ, ಜರ್ಮನಿಯಲ್ಲಿ ದೇವಶಾಸ್ತ್ರ ಕಲಿಸುವ ಮೇಷ್ಟರೊಬ್ಬರು, ಬಿಸಿಲಿಗೆ ಸೋತೋ ಭಕ್ತಿಗೆ ಸೋತೋ, ಒಂದು ಭಾನುವಾರ ನಮ್ಮ ಚಾಪೆಯ ಮೇಲೆ ಕೂತು ಮೂರು ಸಲವೂ ಕೀರ್ತನೆ ಕೇಳಿದರು. ಎರಡು ತಿಂಗಳಿಗೆ ಅವರ ಶಾಲೆಯಿಂದ ಪಾಠ ಹೇಳಲು ಆಹ್ವಾನ ಬಂತು. ಇದು ಆ ಭಾನುವಾರದ ನನ್ನ ಉಪದೇಶ ಪ್ರಸಂಗದ ಪ್ರಭಾವವೆಂದು ತೀರ್ಮಾನಿಸಿದೆ. ಪ್ರಸಂಗ ಕನ್ನಡದಲ್ಲಿತ್ತೆಂಬ ಸಂಗತಿ ನನ್ನ ತೀರ್ಮಾನಕ್ಕೆ ಅಡ್ಡ ಬರಲಿಲ್ಲ. ದಪ್ಪ ಪುಸ್ತಕಗಳನ್ನು ತರಿಸಿ ಓದಿದೆ. ಓದಿದಂತೆಲ್ಲ ನಾಚಿಕೆಯಾಯಿತು. ಜಗತ್ತಿಗೆ ಕ್ರಮ ಕಲಿಸಲು ಹೊರಟವನ ಸಭೆಯಲ್ಲೇ ಕ್ರಮವಿಲ್ಲ! ಹೊರಡುವ ಮುಂಚೆ ಹಿರಿಯರನ್ನೆಲ್ಲ ಸೇರಿಸಿ, ಇನ್ನು ಮುಂದೆ ಕೀರ್ತನೆಯನ್ನು ಒಂಬತ್ತಕ್ಕೆ ಒಂದೇ ಸಲ ಹಾಡಿ ಹತ್ತೂಕಾಲಿಗೆ ಆಶೀರ್ವಾದ ಮಾಡತಕ್ಕದ್ದು ಎಂದು ನಿರ್ಣಯ ಬರೆಸಿ ಸಹಿ ಹಾಕಿದೆ. ಜಾರಿಯ ಹೊಣೆಯನ್ನು ಸಭೆಯ ಹಿರಿಯ ಸಾಮುವೇಲಪ್ಪನವರಿಗೆ ಒಪ್ಪಿಸಿದೆ. ಅವರು ಗಣಿಯಲ್ಲಿ ಬಂಡೆ ಸಿಡಿಸುವ ಮುಂಚೆ ಸೈರನ್ ಕೂಗಿಸುವ ಕೆಲಸದಿಂದ ನಿವೃತ್ತರಾದವರು. ಒಂದು ನಿಮಿಷ ಹೆಚ್ಚುಕಡಿಮೆಯಾದರೆ ಜನ ಸಾಯುತ್ತಾರೆಂದು ನಂಬಿಯೇ ಬದುಕಿದವರು.

ಜರ್ಮನಿಯಲ್ಲಿ ಎಂಟರ ಪಾಠಕ್ಕೆ ಎಂಟಕ್ಕೆ ಐದು ನಿಮಿಷವಿರುವಾಗಲೇ ಹನ್ನೆರಡು ಜನ ಕೂತಿರುತ್ತಿದ್ದರು. ಒಂಬತ್ತು ದಿನ ಆರಾಧನೆಗೆ ಕರೆ, ಸ್ತುತಿ, ಪಾಪನಿವೇದನೆ ಎಂದು ಕ್ರಮವಾಗಿ ಹೇಳಿದೆ. ಅವರು ಕ್ರಮವಾಗಿ ಆಕಳಿಸಿದರು. ಅದೆಲ್ಲ ಅವರ ಅಜ್ಜಂದಿರೇ ನಮಗೆ ಕಲಿಸಿದ್ದಲ್ಲವೇ! ಹತ್ತನೆಯ ದಿನ ಮಾದರಿ ಆರಾಧನೆ. ಕೀರ್ತನೆ ಮುಗಿಯುವ ಹೊತ್ತಿಗೆ, ಸೈಕಲ್ ಪಂಕ್ಚರ್ ಆದ ಒಬ್ಬಾತ ಬೆವರೊರೆಸುತ್ತ ಒಳಗೆ ಬಂದ. ಮೂವತ್ತು ವರ್ಷದ ಚಾಳಿ. ನನ್ನ ಕೈ ತಾನಾಗಿ ಮೇಲೆದ್ದಿತು. "ಅದೇ ಕೀರ್ತನೆ, ಮೊದಲಿನಿಂದ" ಎಂದುಬಿಟ್ಟೆ. ಎಲ್ಲರೂ ಬೆರಗಾಗಿ ಹಾಡಿದರು. ಮುಗಿದ ಮೇಲೆ ಆರ್ಗನ್ ನುಡಿಸುವ ಅಜ್ಜಿ ಇದರ ಅರ್ಥವೇನೆಂದು ಕೇಳಿದರು. ಬಸ್ಸು ತಡವೆಂದು ಹೇಳಲಾದೀತೇ? ಗಂಟಲು ಸರಿಮಾಡಿಕೊಂಡು, ತಡವಾಗಿ ಬಂದವನಿಗೂ ಆರಾಧನೆ ಮೊದಲಿನಿಂದ ಸಿಗಬೇಕು ಎಂದೆ. ಹನ್ನೆರಡು ಪೆನ್ನುಗಳು ಒಟ್ಟಿಗೆ ಬರೆದುಕೊಂಡವು. ಅಜ್ಜಿ ಕಣ್ಣೊರೆಸಿಕೊಂಡರು. ನನ್ನನ್ನು ಕರೆಸಿದ ಮೇಷ್ಟರು, ಇದೊಂದನ್ನು ಹೇಳಲೆಂದೇ ನಿಮ್ಮನ್ನು ಕರೆಸಿದ್ದು, ಒಂಬತ್ತು ದಿನ ಕಾದೆ ಎಂದರು. ಅದನ್ನೇ ರದ್ದುಮಾಡಿ ಸಹಿ ಹಾಕಿ ಬಂದವನು ನಾನು.

ಊರಿಗೆ ಬಂದಾಗ ನಿರ್ಣಯ ಗಡಿಯಾರದಂತೆ ನಡೆಯುತ್ತಿತ್ತು. ಕೆಸರಿನ ಚಪ್ಪಲಿ ನಾಲ್ಕೇ ಜೊತೆ, ಕೆಂಪು ಚಪ್ಪಲಿ ಒಂದೂ ಇಲ್ಲ. ಹಳೆಯ ಪದ್ಧತಿಯೇ ಇರಲಿ ಎಂದು ಸಾಮುವೇಲಪ್ಪನವರಿಗೆ ಮೆಲ್ಲಗೆ ಹೇಳಿದೆ. "ನಿರ್ಣಯದಾಗ ನಿಮ್ಮ ಸಹಿ ಐತಲ್ರಿ ಅಯ್ಯನೋರೆ" ಎಂದರು. ಹೊಸಪೇಟೆಯವರಿಗೂ ಹತ್ತೂಕಾಲಿನ ರುಚಿ ಹತ್ತಿತ್ತು. ಅಷ್ಟು ಹೊತ್ತಿಗೆ ಬಿಟ್ಟರೆ ಮಟನ್ ಅಂಗಡಿಯಲ್ಲಿ ಗದ್ದಲವಿರುವುದಿಲ್ಲವಂತೆ. ಒಳ್ಳೆಯ ತುಂಡಿನ ಎದುರು ನನ್ನ ದೇವಶಾಸ್ತ್ರ ನಿಲ್ಲಲಿಲ್ಲ.

ಯಶವಂತನಗರಕ್ಕೆ ಹೋದೆ. ಮರಿಯಮ್ಮ ಚಹಾ ಕೊಟ್ಟು ಕೂರಿಸಿದಳು. "ನಾ ಏನ್ ಸಿಟ್ಟಾಗಿಲ್ರಿ ಅಯ್ಯನೋರೆ. ಎರಡು ವಾರ ಬಂದೆ. ಎರಡೂ ಸಲ ಬಾಗಿಲ್ದಾಗ ನಿಂತು ಆಶೀರ್ವಾದ ಅಷ್ಟ ತಗೊಂಡು ಬಸ್ಸಿಗೆ ಓಡಿದೆ. ದೇವ್ರು ಒಂಬತ್ತಕ್ಕ ಬಂದು ಹತ್ತೂಕಾಲಿಗೆ ಎದ್ದು ಹೋಗ್ತಾನಂತ ನಮಗೇನ್ ಗೊತ್ತಿತ್ರಿ?" ನಗುತ್ತಲೇ ಹೇಳಿದಳು. ಆ ನಗೆಗಿಂತ ಬೈದಿದ್ದರೇ ಮೇಲಿತ್ತು. ಬರುವ ಭಾನುವಾರ ನಾನೇ ಬಂದು ಕರೆದೊಯ್ಯುತ್ತೇನೆ, ನಾನಿಲ್ಲದೆ ಹೇಗೆ ಶುರುಮಾಡುತ್ತಾರೆ ನೋಡೋಣ ಎಂದೆ.

ನಾನಿಲ್ಲದೆಯೇ ಶುರುಮಾಡಿದರು. ನಸುಕಿನಲ್ಲೇ ಹೋಗಿ ಆಕೆಯೊಂದಿಗೆ ಮೊದಲ ಬಸ್ಸು ಹತ್ತಿದ್ದೆ. ಲಾರಿಗಳ ಸಾಲಿನ ಹಿಂದೆ ಬಸ್ಸು ಎರಡು ತಾಸು ನಿಂತಿತು. ನನ್ನ ಬಿಳಿ ಅಂಗಿ ಕಾವಿಯಾಯಿತು. ನಾವು ಬಾಗಿಲಿಗೆ ಬಂದಾಗ ಸಾಮುವೇಲಪ್ಪನವರು ಕೊನೆಯ ಪ್ರಾರ್ಥನೆಗೆ ಆಮೆನ್ ಹೇಳುತ್ತಿದ್ದರು. ನಾನು ಕೈ ಎತ್ತಿ, ಮೊದಲ ಕೀರ್ತನೆ ಇನ್ನೊಮ್ಮೆ ಎಂದೆ. ಜನ ನನಗೆ ವಿನಯದಿಂದ ನಮಸ್ಕರಿಸಿ ಚಪ್ಪಲಿ ಮೆಟ್ಟಿಕೊಂಡರು. "ಈಗ ತಿಳೀತ್ರ್ಯಾ" ಎಂದಳು ಮರಿಯಮ್ಮ. ಬಾಗಿಲ ಬಳಿಯ ಚಾಪೆಯ ಮೇಲೆ ಕೂತು ನಾವಿಬ್ಬರೇ ಹಾಡಿದೆವು. ಎರಡನೆಯ ಚರಣಕ್ಕೆ ಆಕೆ ಎದ್ದಳು, ವಾಪಸ್ ಬಸ್ಸಿನ ಹೊತ್ತಾಗಿತ್ತು. ಮುಂದಿನ ವಾರ ಕರೆಯಲು ಬರಬೇಡಿರೆಂದು ನನಗೇ ಹೇಳಿ ಹೋದಳು.

ಮೊನ್ನೆ ಆರ್ಗನ್ ಅಜ್ಜಿಯ ಪತ್ರ ಬಂತು. ಅವರ ಸಭೆಯಲ್ಲಿ ನನ್ನ ಪದ್ಧತಿಯನ್ನು ಭಕ್ತಿಯಿಂದ ಆಚರಿಸುತ್ತಿದ್ದಾರಂತೆ. ತೊಂದರೆ ಒಂದೇ: ಅವರಲ್ಲಿ ಯಾರೂ ತಡವಾಗಿ ಬರುವುದಿಲ್ಲ. ಆದ್ದರಿಂದ ಪ್ರತಿ ವಾರ ತಡವಾಗಿ ಬರಲು ಒಬ್ಬರನ್ನು ತಿಂಗಳ ಸರದಿಯ ಮೇಲೆ ನೇಮಿಸುತ್ತಾರೆ. ಈ ತಿಂಗಳು ಅಜ್ಜಿಯ ಸರದಿ; ಆರ್ಗನ್ ಬೇರೆಯವರಿಗೆ ಒಪ್ಪಿಸಿ ಹಿಮದಲ್ಲಿ ಬಾಗಿಲ ಹೊರಗೆ ಕೀರ್ತನೆ ಮುಗಿಯುವತನಕ ನಿಂತಿರುತ್ತಾರೆ. ನಿಮ್ಮ ಸಭೆಯಲ್ಲಿ ಈ ಸೇವೆ ಯಾರದು ಎಂದು ಕೇಳಿದ್ದಾರೆ. ಸದ್ಯಕ್ಕೆ ಸಭಾಪಾಲಕರೇ ವಹಿಸಿಕೊಂಡಿದ್ದಾರೆ ಎಂದು ಬರೆದೆ. ಅದರ ಕೆಳಗೆ ಒಂದು ಬಿನ್ನಹ ಸೇರಿಸಿದೆ: ಈ ವಿಷಯದ ಮೇಲೆ ನಮ್ಮಲ್ಲಿ ಹತ್ತು ದಿನ ಪಾಠ ಹೇಳಲು ನಿಮ್ಮವರು ಯಾರಾದರೂ ಬರಬಹುದೇ? ಚಾಪೆಗಳು ಖಾಲಿ ಇವೆ. ತಡವಾದರೂ ಅಡ್ಡಿಯಿಲ್ಲ.