ಮೇಲೆ ಎಂದರೆ ಯಾವ ಕಡೆ

ಭೂಗೋಳದ ಟೀಚರಿಗೆ ದಾರಿ ಗೊತ್ತಿರಲೇಬೇಕು ಎಂದು ಜನ ಯಾಕೆ ಅಂದುಕೊಳ್ಳುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸಂಗೀತದ ಟೀಚರು ಮನೆಯಲ್ಲೂ ಹಾಡುತ್ತಿರಲಿ ಎಂದು ಯಾರೂ ಬಯಸುವುದಿಲ್ಲ. ಹಾಡದಿರಲಿ ಎಂದು ಪಕ್ಕದ ಮನೆಯವರು ಹರಕೆ ಹೊರುವುದೂ ಉಂಟು. ನಾನು ಮಾತ್ರ ಮದುವೆ ಮಂಟಪದಿಂದ ಹೊರಬಿದ್ದು ಬಸ್‌ಸ್ಟಾಂಡಿಗೆ ಬೆನ್ನು ಮಾಡಿ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಹಿಂದಿನಿಂದ ಒಂದು ದನಿ ಬರುತ್ತದೆ: "ಜಿಯಾಗ್ರಫಿ ತಾನೆ ನೀವು ಪಾಠ ಮಾಡೋದು?" ಹೌದು, ಅದೇ. ಇಪ್ಪತ್ತನಾಲ್ಕು ವರ್ಷದಿಂದ ಅದೇ. ಬ್ರಹ್ಮಪುತ್ರ ಎಲ್ಲಿ ತಿರುಗುತ್ತದೆ ಎಂದು ಕೇಳಿ, ಹೇಳುತ್ತೇನೆ. ನಾನು ಎಲ್ಲಿ ತಿರುಗಬೇಕು ಎಂದು ಕೇಳಬೇಡಿ.

ಇದರ ಜೊತೆಗೆ ನನಗೆ ಚಿಂತೆಯ ಅಭ್ಯಾಸ ಬೇರೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಪೋತ್ತನೂರಿನವರೆಗೆ ಹೋದ ಬಸ್ಸಿನಿಂದ ಇಳಿದು ವಾಪಸು ಬಂದಿದ್ದೇನೆ. ಮನೆಗೆ ಬಂದು ನೋಡಿದರೆ ಗ್ಯಾಸ್ ಆರಿಸಿದ್ದೆ, ಬಾಗಿಲಿಗೆ ಬೀಗ ಹಾಕಿರಲಿಲ್ಲ. ಚಿಂತೆ ಮಾಡುವುದರಲ್ಲೂ ನನಗೆ ದಿಕ್ಕು ತಪ್ಪುತ್ತದೆ ಎಂದು ನನ್ನವರ ಅಭಿಪ್ರಾಯ. ಅವರು ರೈಲ್ವೆಯವರು. ಎರಡು ಗಂಟೆ ತಡವಾದದ್ದನ್ನು ತಡ ಎಂದು ಅವರ ಪೈಕಿ ಯಾರೂ ಕರೆಯುವುದಿಲ್ಲ.

ಹೀಗಿರುವ ನನ್ನ ತರಗತಿಗೆ ಕರೆಂಟಿನ ಬೋರ್ಡಿನ ಮೇಲೆ ಮುಟ್ಟಿದರೆ ಓಡುವ ನಕಾಶೆ ಬಂತು. ಅದಕ್ಕೆ ಮೊದಲು ನನ್ನದೊಂದು ಬಟ್ಟೆಯ ನಕಾಶೆ ಇತ್ತು. ಅಂಚಿಗೆಲ್ಲ ಟೇಪು ಹಚ್ಚಿಸಿಕೊಂಡ, ಮಡಿಕೆ ಬಿದ್ದಲ್ಲಿ ಮಧ್ಯಪ್ರದೇಶ ಮಾಸಿಹೋದ ಮುದಿ ನಕಾಶೆ. ಆದರೆ ಒಂದು ಗುಣವಿತ್ತು. ಮೊಳೆಗೆ ನೇತುಹಾಕಿದರೆ ನೇತುಹಾಕಿದಲ್ಲೇ ಇರುತ್ತಿತ್ತು. ಹೊಸ ಬೋರ್ಡಿನ ನಕಾಶೆಗೆ ಆ ಸಂಯಮವಿಲ್ಲ. ಬೆರಳು ಸೋಕಿದರೆ ಜಾರುತ್ತದೆ, ಎರಡು ಬೆರಳು ಸೋಕಿದರೆ ಉಬ್ಬುತ್ತದೆ. ಮೊದಲ ದಿನ ಮಕ್ಕಳಿಗೆ ಪಕ್ಕದ ಸೂಲೂರು ತೋರಿಸಲು ಹೋಗಿ ನಾನು ಸೀದಾ ಸಹಾರಾ ಮರುಭೂಮಿಯಲ್ಲಿ ಇಳಿದೆ. ಅಲ್ಲಿಂದ ವಾಪಸು ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಬಹಳ ಸಂತೋಷಪಟ್ಟರು.

ಸುದ್ದಿ ಕರೆಸ್ಪಾಂಡೆಂಟರಿಗೆ ಮುಟ್ಟಿತು. ತಮಿಳುನಾಡಿನ ನಮ್ಮ ಕಡೆ ಖಾಸಗಿ ಶಾಲೆಯ ಆಡಳಿತ ನೋಡಿಕೊಳ್ಳುವವರನ್ನು ಹಾಗೆ ಕರೆಯುತ್ತಾರೆ. ಪತ್ರಿಕೆಗೆ ವರದಿ ಬರೆಯುವವರಲ್ಲ, ನಮ್ಮ ವರದಿ ಕೇಳುವವರು. ಅರವತ್ತು ದಾಟಿದ, ಬಿಳಿ ಅಂಗಿಯ, ದನಿ ಎತ್ತದ ಮನುಷ್ಯ. ಅವರು ತಮಿಳಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ನನ್ನ ಅನುವಾದವನ್ನು ಎಷ್ಟರಮಟ್ಟಿಗೆ ನಂಬಬೇಕು ಎನ್ನುವುದು ಸ್ವಲ್ಪ ಹೊತ್ತಿನಲ್ಲಿ ನಿಮಗೇ ತಿಳಿಯುತ್ತದೆ.

"ಟೀಚರ್, ಬರೋ ಬುಧವಾರ ನಿಮ್ಮ ಏಳನೇ ಕ್ಲಾಸಿಗೆ ಬಂದು ಕೂತ್ಕೋತೀನಿ. ಬೋರ್ಡು ನಿಮಗೆ ಒಗ್ಗದಿದ್ರೆ ಅದರಲ್ಲಿ ನಾಚಿಕೆ ಏನಿಲ್ಲ. ಹೊಸದಾಗಿ ಬಂದಿರೋ ಟೀಚರ್ ಹುಡುಗಿಗೆ ಜಿಯಾಗ್ರಫಿ ಕೊಡೋಣ. ನಿಮಗೆ ಲೈಬ್ರರಿ ಇದ್ದೇ ಇದೆ."

ನಮ್ಮ ಶಾಲೆಯ ಲೈಬ್ರರಿ ಎಂದರೆ ಎರಡು ಬೀರು. ಒಂದರ ಬೀಗದ ಕೈ ಕಳೆದುಹೋಗಿದೆ. ಉಳಿದ ಒಂದು ಬೀರುವಿನ ಎದುರು ಕೂತು ನಿವೃತ್ತಿಯವರೆಗೆ ದಿನ ಎಣಿಸುವ ನನ್ನ ಚಿತ್ರ ಕಣ್ಣ ಮುಂದೆ ಬಂತು. ನಗುವ ವಿಷಯವಲ್ಲ. ನನಗೆ ಬರುವ ಕೆಲಸ ಅದೊಂದೇ. ಸಮುದ್ರವನ್ನೇ ನೋಡದ ಮಗುವಿಗೆ ಮಳೆ ಎಲ್ಲಿಂದ ಬರುತ್ತದೆ ಎಂದು ಹೇಳಿ ಅದರ ಬಾಯಿ ಅರ್ಧ ತೆರೆಯುವುದನ್ನು ನೋಡುವ ಕೆಲಸ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಸೂಲೂರಿನ ಆಚೆಗೆ, ಶಾಲೆಗೆ ಹತ್ತಿರದಲ್ಲೇ ಒಂದು ಹಳ್ಳಿಯಿದೆ. ಅಲ್ಲಿನ ಹಳೆಯ ಬಾವಿ ಕೆರೆಗಳನ್ನೆಲ್ಲ ಮಕ್ಕಳಿಂದಲೇ ನಕಾಶೆಯಲ್ಲಿ ಗುರುತು ಹಾಕಿಸುವುದೆಂದು ನಿಶ್ಚಯಿಸಿದೆ. ಕಾರಣ, ಅದು ನನ್ನ ಅತ್ತೆ ಹುಟ್ಟಿ ಬೆಳೆದ ಊರು. ಅವರದು ತಲೆತಲಾಂತರದಿಂದ ಅಲ್ಲಿ ಹೊಲ ಉತ್ತ ಕನ್ನಡದ ಮನೆತನ. ಅತ್ತೆಗೆ ಕನ್ನಡ ಓದಲು ಬಾರದು, ಆದರೆ ಅಡುಗೆಮನೆಯಲ್ಲಿ ಬೇರೆ ಭಾಷೆ ಆಡಿದರೆ ಸಾರು ಕೆಡುತ್ತದೆ ಎಂದು ನಂಬಿದವರು. ನಾನು ಹಾಳೆ ಪೆನ್ನು ಹಿಡಿದು ಅವರ ಮುಂದೆ ಕೂತೆ.

"ಬರ್ಕೋ ಮಾ," ಎಂದು ಸೊಪ್ಪು ಬಿಡಿಸುತ್ತಲೇ ಶುರುಮಾಡಿದರು. "ಮಾರಿಯಮ್ಮನ ಗುಡಿ ಐತಲ್ಲ, ಅದಕ್ಕೆ ಮೇಲೆ ಸಿಹಿನೀರ್ ಬಾವಿ. ಗುಡಿಗೆ ಕೆಳಗೆ ಕುಳ. ಅಪ್ಪುರಂ ಕುಳಕ್ಕೂ ಕೆಳಗೆ ಉಪ್ಪುನೀರ್ ಬಾವಿ. ಅದ್ರಲ್ಲಿ ದನ ಮಾತ್ರ ಕುಡೀತಿದ್ವು, ನಮ್ಮೂರಿಗ್ ಬಂದಿದ್ದ ನಿಮ್ಮ ಮಾವನೋರ್ ತಂಗಿ ಒಂದ್ಸಾರಿ ಕುಡ್ದು ಮೂರ್ ದಿನ ಮಲ್ಗಿದ್ಲು."

ಕುಳ ಎಂದರೆ ಕೆರೆ, ಅಪ್ಪುರಂ ಎಂದರೆ ಆಮೇಲೆ. ಅದು ತಿಳಿಯಿತು. "ಮೇಲೆ ಅಂದ್ರೆ ಅತ್ತೆ?" ಎಂದು ಕೇಳಿದೆ.

ಅವರು ಸೊಪ್ಪು ಬಿಟ್ಟು ನನ್ನ ಮುಖ ನೋಡಿದರು. "ಮೇಲೆ ಅಂದ್ರೆ ಮೇಲೆ ತಾನೆ. ಇದಕ್ಕೂ ಬೋರ್ಡ್ ಬೇಕಾ ಕಣ್ಣು?"

ಕಣ್ಣು ಎಂಬುದು ಅವರ ಮುದ್ದಿನ ಕರೆ, ಬೈಯುವಾಗಲೂ ಅದೇ. ಹೌದಲ್ಲ ಎನ್ನಿಸಿತು. ನಕಾಶೆಯಲ್ಲಿ ಮೇಲೆ ಎಂದರೆ ಉತ್ತರ, ಕೆಳಗೆ ಎಂದರೆ ದಕ್ಷಿಣ. ಎಷ್ಟು ತಂಡದ ಮಕ್ಕಳ ಬಾಯಲ್ಲಿ ನಾನೇ ಅದನ್ನು ಹೇಳಿಸಿದ್ದೇನೆ. ಹಾಳೆಯಲ್ಲಿ ಗುಡಿಯ ಮೇಲೆ, ಗುಡಿಯ ಕೆಳಗೆ ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡೆ. ಬುಧವಾರಕ್ಕೆ ಉಳಿದಿದ್ದ ಮೂರು ದಿನ ನಾನು ಕರೆಂಟು ಹೋದರೇನು, ಬೋರ್ಡು ಕೆಟ್ಟರೇನು, ಕರೆಸ್ಪಾಂಡೆಂಟರು ಕೂರುವ ಬೆಂಚಿನ ಕಾಲು ಅಲುಗಿದರೇನು ಎಂದೆಲ್ಲ ಸವಿಸ್ತಾರವಾಗಿ ಚಿಂತಿಸಿದೆ. 'ಮೇಲೆ' ಎಂಬ ಎರಡಕ್ಷರದ ಬಗ್ಗೆ ಮಾತ್ರ ಚಿಂತಿಸಲಿಲ್ಲ.

ಬುಧವಾರ ಕರೆಂಟು ಇತ್ತು. ಬೋರ್ಡು ಬೆಳಗಿತು. ಆಕಾಶದಿಂದ ತೆಗೆದ ಫೋಟೋದಂತೆ ಆ ಹಳ್ಳಿ, ನಡುವೆ ಗುಡಿಯ ಗೋಪುರದ ನೆರಳು. ಕರೆಸ್ಪಾಂಡೆಂಟರು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತರು. ಮೊದಲ ಹುಡುಗಿ ಬಂದು ಹಾಳೆ ಓದಿ, ಗುಡಿಯಿಂದ ನೇರ ಮೇಲಕ್ಕೆ ಬೆರಳು ಒಯ್ದು, ಸಿಹಿನೀರಿನ ಬಾವಿಗೆ ಕೆಂಪು ಗುರುತು ನೆಟ್ಟಳು. ನಾನು ತಲೆಯಾಡಿಸಿದೆ.

"ಟೀಚರ್," ಎಂದರು ಕರೆಸ್ಪಾಂಡೆಂಟರು ಸಮಾಧಾನವಾಗಿ. "ಆ ಬಾವಿಯಲ್ಲೇ ನಾನು ಈಜು ಕಲಿತದ್ದು. ನನ್ನ ತಾಯಿಯ ಊರು ಅದು. ನೀವು ಗುರುತು ಹಾಕಿಸಿರೋದು ಸುಡುಗಾಡಲ್ಲಿ."

ಎರಡನೆಯವಳು ಅಷ್ಟರಲ್ಲಿ ಕೆರೆಯನ್ನು ಗುಡಿಯಿಂದ ನೇರ ಕೆಳಕ್ಕೆ, ಒಂದು ಕೋಳಿಫಾರ್ಮಿನ ತಗಡಿನ ಮೇಲೆ ನೆಟ್ಟಾಗಿತ್ತು. ನನಗೆ ಒಂಟಿ ಬೀರು ಸ್ಪಷ್ಟವಾಗಿ ಕಾಣತೊಡಗಿತು. ಗುರುತು ಅಳಿಸೋಣವೆಂದು ಬೋರ್ಡಿಗೆ ಕೈಯಿಟ್ಟೆ. ಬೆವೆತ ಕೈ, ಎರಡು ಬೆರಳು ಒಟ್ಟಿಗೆ ತಾಗಿ ತಿರುಚಿಕೊಂಡವು. ಹಳ್ಳಿ ಗಿರಕಿ ಹೊಡೆಯಿತು. ಗುಡಿ, ರಸ್ತೆ, ಕೋಳಿಫಾರ್ಮು, ಸುಡುಗಾಡು ಎಲ್ಲ ಕಾಲು ಸುತ್ತು ತಿರುಗಿ, ಬೆಟ್ಟವಿರುವ ಪಡುವಣ ದಿಕ್ಕು ನೆತ್ತಿಗೆ ಬಂದು ನಿಂತಿತು. ನೆಟ್ಟಗೆ ಮಾಡಲು ಏನು ಮುಟ್ಟಬೇಕೆಂದು ತಿಳಿಯದೆ ನಾನು ಕೈ ಕೆಳಗಿಳಿಸಿ, ಬೇಕೆಂದೇ ಹಾಗೆ ಮಾಡಿದವಳಂತೆ ಪಕ್ಕಕ್ಕೆ ಸರಿದು ನಿಂತೆ. ಅಧ್ಯಾಪಕ ವೃತ್ತಿಯಲ್ಲಿ ಇಷ್ಟು ವರ್ಷ ಕಲಿತದ್ದು ಈ ನಿಲುವನ್ನೇ ಎನ್ನಬಹುದು.

ಮೂರನೆಯವಳು ಗೋಮತಿ. ಕೇಳದೆ ಮಾತಾಡುವ ಹುಡುಗಿ. ಬಂದವಳು ಉಪ್ಪುನೀರಿನ ಬಾವಿಗೆ ಗುರುತು ಹಾಕದೆ ನಿಂತು ನೋಡಿದಳು. "ಮಿಸ್, ಈಗ ಸರಿಯಾಗಿದೆ. ನಮ್ಮ ಅಜ್ಜಿನೂ ಮೇಲೆ ಅಂತ ಬೆಟ್ಟದ ಕಡೆಗೇ ಹೇಳೋದು. ಮೊದ್ಲಿನ ಬಾವಿನ ನಾನೇ ಇನ್ನೊಂದ್ಸಾರಿ ಹಾಕ್ಲಾ?"

ನಾನು ಉತ್ತರಿಸುವ ಮೊದಲೇ ಬೆರಳು ಗುಡಿಯಿಂದ ಮೇಲಕ್ಕೆ ಹೋಯಿತು. ತೆಂಗಿನ ತೋಟದ ನಡುವೆ ಒಂದು ಕಪ್ಪು ಚೌಕ. ಉಬ್ಬಿಸಿದಳು. ಬಾವಿ. ಒಳಗಿನ ಮೆಟ್ಟಿಲ ಸಾಲೂ ಗೆರೆ ಎಳೆದಂತೆ ಕಾಣುತ್ತಿತ್ತು. ಗುಡಿಯಿಂದ ಕೆಳಕ್ಕೆ ಬಂದಳು. ಜಾಲಿ ಬೆಳೆದ ಬೂದುಬಣ್ಣದ ತಗ್ಗು, ಅದೇ ಕೆರೆ. ಅದಕ್ಕೂ ಕೆಳಗೆ ಇನ್ನೊಂದು ಚಿಕ್ಕ ಚೌಕ, ದನಗಳ ಬಾವಿ. ಕರೆಸ್ಪಾಂಡೆಂಟರು ಯಾವಾಗ ಎದ್ದು ಬಂದರೋ, ಬೋರ್ಡಿನ ಹತ್ತಿರ ನಿಂತು ಆ ಮೆಟ್ಟಿಲನ್ನು ನೋಡುತ್ತಿದ್ದರು. "ಏಳನೇ ಮೆಟ್ಟಿಲಿಂದ ನನ್ನ ತಳ್ಳಿದ್ರು," ಎಂದರು, ಯಾರಿಗೆ ಎಂದಲ್ಲದೆ.

ಆಮೇಲೆ ಹೊರಗೆ ವರಾಂಡದಲ್ಲಿ ನಾನಾಗಿ ಒಪ್ಪಿಕೊಂಡೆ. "ಸಾರ್, ನಕಾಶೆ ತಿರುಗಿದ್ದು ನನ್ನ ಕೈ ತಪ್ಪಿ."

"ತಪ್ಪಿದ್ದು ನನಗೂ ಕಾಣಿಸ್ತು ಟೀಚರ್. ಅದನ್ನ ಮತ್ತೆ ನೆಟ್ಟಗೆ ಮಾಡ್ದೆ ಬಿಟ್ರಲ್ಲ, ಅದು ಅನುಭವ. ಹೊಸ ಹುಡುಗಿ ಆಗಿದ್ರೆ ತಕ್ಷಣ ಸರಿಮಾಡಿಬಿಡ್ತಿದ್ದಳು. ಏಳನೇ ಕ್ಲಾಸು ನಿಮ್ಮ ಹತ್ರಾನೇ ಇರ್ಲಿ."

ಸರಿಮಾಡಲು ನನಗೆ ಬರುತ್ತಿರಲಿಲ್ಲ ಎಂಬ ಉಳಿದರ್ಧ ಸತ್ಯ ಗಂಟಲವರೆಗೆ ಬಂದಿತ್ತು. ಒಂದೇ ದಿನಕ್ಕೆ ಎಷ್ಟು ಸತ್ಯ ಹೇಳುವುದು ಎಂದು ನುಂಗಿಕೊಂಡೆ.

ಸಂಜೆ ಅತ್ತೆಯ ಮುಂದೆ ಎಲ್ಲ ಒಪ್ಪಿಸಿದೆ. ಅವರಿಗೆ ನನ್ನ ಕೆಲಸ ಉಳಿದದ್ದಕ್ಕಿಂತ ಬಾವಿ ಸುಡುಗಾಡಿಗೆ ಹೋದದ್ದು ದೊಡ್ಡ ಸುದ್ದಿ. "ಬೆಟ್ಟ ಇರೋ ಕಡೆ ಮೇಲೆ. ನೊಯ್ಯಲ್ ಹೊಳೆ ಇಳ್ದು ತಿರುಪ್ಪೂರ್ಗೆ ಹೋಗೋ ಕಡೆ ಕೆಳಗೆ. ನೀರಿಗೆ ಗೊತ್ತಿರೋದು ಟೀಚರ್ಗೆ ಗೊತ್ತಿಲ್ವಾ ಮಾ?" ಪಡುವಣ, ಮೂಡಣಕ್ಕೆ ತಮಿಳಿನಲ್ಲಿ ಹೇಳುವ ಮೇಕ್ಕು, ಕೆಳಕ್ಕು ಎಂಬ ಮಾತುಗಳ ಒಳಗೇ ಮೇಲು ಕೀಳು ಅಡಗಿರುವುದು ಆಗ ನನಗೆ ಹೊಳೆಯಿತು. ಬೀದಿಯಲ್ಲಿ ದಿನವೂ ಕೇಳುವ ಮಾತು. ಅತ್ತೆ ಅದನ್ನೇ ಕನ್ನಡದಲ್ಲಿ ಆಡಿದರು, ನಾನು ಅದನ್ನು ಪಠ್ಯಪುಸ್ತಕದಲ್ಲಿ ಕೇಳಿಸಿಕೊಂಡೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕಾಲು ವರ್ಷದ ಪರೀಕ್ಷೆ ಬಂತು. ತಮಿಳುನಾಡಿನ ನಕಾಶೆ ಬರೆದು ನಾಲ್ಕು ಊರು ಗುರುತಿಸಿ ಎಂದು ನಾನೇ ಪ್ರಶ್ನೆ ಕೊಟ್ಟಿದ್ದೆ. ಉತ್ತರಪತ್ರಿಕೆ ತೆರೆದರೆ, ಅರ್ಧಕ್ಕರ್ಧ ಮಕ್ಕಳ ತಮಿಳುನಾಡು ಮಗ್ಗುಲಾಗಿ ಮಲಗಿದೆ. ಘಟ್ಟ ಮೇಲೆ, ಬಂಗಾಳ ಕೊಲ್ಲಿ ಕೆಳಗೆ, ಕನ್ಯಾಕುಮಾರಿ ಎಡಗೈ ಕಡೆ ಕಾಲು ಚಾಚಿಕೊಂಡಿದೆ. ತಪ್ಪು ಹಾಕೋಣವೆಂದರೆ, ಪ್ರತಿಯೊಬ್ಬರೂ ಬಲಕ್ಕೆ ಬಾಣ ಬರೆದು 'ಉತ್ತರ' ಎಂದು ಪ್ರಾಮಾಣಿಕವಾಗಿ ತೋರಿಸಿದ್ದಾರೆ. ಒಂದು ಅಂಕ ಕಳೆಯಲೂ ದಾರಿಯಿಲ್ಲ. ಹಾಳೆಯನ್ನು ತಿರುಗಿಸಿದರೆ ನಕಾಶೆ ಎದ್ದು ನಿಲ್ಲುತ್ತದೆ, ಊರಿನ ಹೆಸರುಗಳು ಮಲಗುತ್ತವೆ. ಕೊನೆಗೆ ಹಾಳೆಯನ್ನು ಹಾಗೇ ಬಿಟ್ಟು ನನ್ನ ತಲೆಯನ್ನೇ ಭುಜಕ್ಕೆ ವಾಲಿಸಿ, ಒಂದೊಂದಕ್ಕೂ ಪೂರ್ತಿ ಅಂಕ ಹಾಕುತ್ತಾ ಕೂತೆ.

ಡ್ಯೂಟಿ ಮುಗಿಸಿ ಬಂದ ನನ್ನವರು ಬಾಗಿಲಲ್ಲೇ ನಿಂತು ನೋಡಿದರು. "ಏನಾಯ್ತು, ಕತ್ತು ಹಿಡ್ಕೊಂಡಿದ್ಯಾ?"

"ಇಲ್ಲ," ಎಂದೆ. "ನಾನು ಹೇಳ್ಕೊಟ್ಟಿದ್ದನ್ನ ಮಕ್ಕಳು ಕಲಿತುಬಿಟ್ಟಿದ್ದಾರೆ."