ಬೈದರೆ ಬರುವ ಖಾರ

ತೊಂದರೆ ಶುರುವಾದದ್ದು ಒಂದು ಮೆಣಸಿನಕಾಯಿ ಸಪ್ಪೆಯಾದದ್ದರಿಂದ.

ಗಡಿಯಾರ ರಿಪೇರಿಯವರು ಬೆಳಿಗ್ಗೆ ಬಾಲ್ಕನಿಗೆ ಹೋಗಿ, ಬಣ್ಣದ ಹಳೆ ಡಬ್ಬಿಯಲ್ಲಿ ಬೆಳೆಸಿದ ಗಿಡದಿಂದ ಮೊದಲ ಕಾಯಿ ಕಿತ್ತು ಕಚ್ಚಿದರು. ಕಣ್ಣೀರು ಬಂದೀತೆಂದು ಕರವಸ್ತ್ರವನ್ನೂ ಹಿಡಿದಿದ್ದರು. ಸೌತೆಕಾಯಿಗಾದರೂ ಒಂದು ರುಚಿಯಿರುತ್ತದೆ, ಇದಕ್ಕೆ ಅದೂ ಇರಲಿಲ್ಲ.

ಅದು ಅಮ್ಮನ ಗಿಡದ ಬೀಜ. ಅಮ್ಮ ಹೋದ ಮೇಲೆ ಔಷಧಿ ಸೀಸೆಯೊಂದರಲ್ಲಿ ಸಿಕ್ಕಿತ್ತು. ಅವಳು ಒಡಕು ಬಕೆಟ್ಟಿನಲ್ಲಿ ಬೆಳೆಸುತ್ತಿದ್ದ ಕಾಯಿ ಒಂದೇ ಒಂದು ಅಡುಗೆಗೆ ಬಿದ್ದರೆ ಮನೆಮಂದಿಯೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು, ಒರೆಸಿಕೊಳ್ಳುತ್ತಲೇ ಇನ್ನಷ್ಟು ಬಡಿಸಿಕೊಳ್ಳುತ್ತಿದ್ದರು. ಇವತ್ತು ಮಧ್ಯಾಹ್ನ ಅಕ್ಕ ಊಟಕ್ಕೆ ಬರುವವಳಿದ್ದಳು. "ಅಮ್ಮನ ಕೈ ಖಾರ ತಿನ್ನಿಸ್ತೀನಿ ಬಾ" ಎಂದು ಮಾತು ಕೊಟ್ಟಾಗಿತ್ತು.

"ದಿನಾ ಎರಡು ಹೊತ್ತು ನೀರು ಹಾಕ್ತೀರಿ, ಮಗು ಥರ ನೋಡ್ಕೋತೀರಿ. ಇನ್ನೇನು ಬೇಕಂತೆ ಅದಕ್ಕೆ?" ಎಂದಳು ಹೆಂಡತಿ.

ಥಟ್ಟನೆ ನೆನಪಾಯಿತು. ಬೈಗುಳ! ಅಮ್ಮ ದಿನವೂ ಗಿಡದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು ಬೈಯುತ್ತಿದ್ದಳು. ಯಾಕಮ್ಮಾ ಎಂದರೆ, "ಬೈದ್ರೇನೇ ಖಾರ ಬರೋದು, ಹೋಗು ಆಡ್ಕೋ" ಎನ್ನುತ್ತಿದ್ದಳು.

ಗಡಿಯಾರದವರು ಜನ್ಮದಲ್ಲಿ ಯಾರಿಗೂ ಬೈದವರಲ್ಲ. ಕೆಟ್ಟು ನಿಂತ ಗಡಿಯಾರವನ್ನೂ "ಏನಾಯ್ತಪ್ಪಾ?" ಎಂದು ವಿಚಾರಿಸುವವರು. ಆದರೂ ಸೊಂಟಕ್ಕೆ ಕೈಕೊಟ್ಟು, ಮಧ್ಯಾಹ್ನದೊಳಗೆ ಬಂದಷ್ಟು ಖಾರ ಬರಲಿ ಎಂದು ಅಮ್ಮನ ಮಾತುಗಳನ್ನೇ ನೆನೆದು ಶುರುಮಾಡಿದರು.

"ಕೂತಲ್ಲಿಂದ ಏಳೋದಿಲ್ಲ. ಬಿಸಿಲು ಕಾಯೋದು, ಹೊತ್ತುಹೊತ್ತಿಗೆ ಕುಡಿಯೋದು. ನಿನ್ನಿಂದ ಯಾರಿಗೇನು ಉಪಯೋಗ?"

ಪಕ್ಕದ ಬಾಲ್ಕನಿಯಲ್ಲಿ ಬಿಸಿಲು ಕಾಯುತ್ತ ಕಾಫಿ ಕುಡಿಯುತ್ತಿದ್ದ ನಿವೃತ್ತ ಮೇಷ್ಟ್ರು ಲೋಟ ಕೆಳಗಿಟ್ಟರು.

"ಕೂತ್ಕೊಳ್ಳೋಕೆ ಅಂತಲೇ ಕಣ್ರೀ ಮನುಷ್ಯ ರಿಟೈರಾಗೋದು."

"ಮೇಷ್ಟ್ರೇ, ನಾನು ಬೈದದ್ದು ಗಿಡಕ್ಕೆ."

"ಜೀವಮಾನವೆಲ್ಲ ಮಕ್ಕಳ ಸುಳ್ಳು ಕೇಳಿದೀನಿ. ಇಂಥದ್ದು ಕೇಳಿರ್ಲಿಲ್ಲ" ಎಂದು ಅವರು ಕುರ್ಚಿ ಎತ್ತಿಕೊಂಡು ಒಳಗೆ ಹೋದರು.

ಗಡಿಯಾರದವರು ಸುಮ್ಮನಾಗಬಹುದಿತ್ತು. ಆದರೆ ಅಕ್ಕನ ಮುಖ ಕಣ್ಣಿಗೆ ಕಟ್ಟಿತು. "ಹೊರಗೆಲ್ಲ ಥಳುಕು. ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ಆಸೆ ತೋರಿಸೋದೇ ಆಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಲಿನ ಮನೆಯ ಟೈಲರಮ್ಮನ ಬಳಿ ಇವರ ಪ್ಯಾಂಟು ಬಹಳ ದಿನದಿಂದ ಬಿದ್ದಿತ್ತು. "ತಗೊಳ್ಳಿ ಹಾಗಾದ್ರೆ" ಎಂಬ ದನಿಯ ಹಿಂದೆಯೇ ಒಂದೇ ಕಾಲು ಹೊಲಿದ ಪ್ಯಾಂಟು ಮೇಲಿಂದ ಬಂದು ಗಿಡದ ಮೇಲೆ ಕೂತಿತು. ಒಂದು ಕೊಂಬೆ ಮುರಿಯಿತು.

ಮಧ್ಯಾಹ್ನ ಅಕ್ಕ ಬಂದಳು. ಊಟ ಸಪ್ಪೆಯಾಗಿತ್ತು. ಗಿಡಕ್ಕೆ ಬೈದ ಕತೆ ಕೇಳಿ ಅವಳು ಬಿದ್ದುಬಿದ್ದು ನಕ್ಕಳು.

"ಅಯ್ಯೋ ಪೆದ್ದೇ, ಅಮ್ಮ ಬೈತಿದ್ದದ್ದು ಅಪ್ಪಂಗೆ ಕಣೋ. ಕಿಟಕಿ ಒಳಗೆ ಪೇಪರ್ ಹಿಡ್ಕೊಂಡು ಕೂತಿರ್ತಿದ್ರಲ್ಲ. ಮುಖಕ್ಕೇ ಹೇಳಿದ್ರೆ ಊಟ ಬಿಡ್ತಿದ್ರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಮ್ಮನೇಲಿ ಗಂಡನ ಮೇಲಿಂದು ಗಿಡದ ಮೇಲೆ."

"ಮತ್ತೆ ಖಾರ?"

"ಬೈಯೋ ಭರದಲ್ಲಿ ನೀರು ಹಾಕೋದನ್ನೇ ಮರೀತಿದ್ಲು. ಬಾಯಾರಿದ ಗಿಡ ಖಾರ ಆಗದೆ ಇನ್ನೇನು? ನೀನು ಮುಳುಗಿಸಿ ಇಟ್ಟಿದ್ದೀಯ."

ಅಪ್ಪ ಗಂಟೆಗಟ್ಟಲೆ ಪೇಪರಿನ ಒಂದೇ ಪುಟ ಯಾಕೆ ಓದುತ್ತಿದ್ದರೆಂದು ಗಡಿಯಾರದವರಿಗೆ ಈಗ ಅರ್ಥವಾಯಿತು. ಆ ಕಿಟಕಿ, ಆ ಒಡಕು ಬಕೆಟ್ಟು, ಆ ದನಿ ಇನ್ನೊಮ್ಮೆ ಸಿಗಬಾರದೇ ಅನ್ನಿಸಿತು. ಬಡಿಸುತ್ತಿದ್ದ ಹೆಂಡತಿ ಮಾತ್ರ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು.

ಸಂಜೆ ಗಡಿಯಾರದವರು ಬಾಲ್ಕನಿಯ ಕಿಟಕಿಯ ಒಳಗೆ ಪೇಪರ್ ಹಿಡಿದು ಕೂತಿದ್ದರು. ಹೆಂಡತಿ ಚೊಂಬಿನಲ್ಲಿ ನೀರು ತಂದು, ಕಿಟಕಿಯ ಕಟ್ಟೆಯ ಮೇಲಿಟ್ಟು, ಗಿಡದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಕೂತಲ್ಲಿಂದ ಏಳೋದಿಲ್ಲ. ಊರೋರ ಗಡಿಯಾರವೆಲ್ಲ ಓಡ್ತವೆ, ನಮ್ಮನೆ ಗೋಡೆ ಗಡಿಯಾರ ನಿಂತು ಎರಡು ವರ್ಷ ಆಯ್ತು."

ಮೇಷ್ಟ್ರು ಕುರ್ಚಿ ಹೊರಗೆ ತಂದು ಹಾಕಿಕೊಂಡರು. ಮೇಲಿನಿಂದ ಟೈಲರಮ್ಮನೂ ಬಗ್ಗಿದಳು.

"ಬೈತಿರೋದು ಗಿಡಕ್ಕೇ ಅಲ್ವೇನಮ್ಮಾ?" ಎಂದರು ಮೇಷ್ಟ್ರು.

"ಗಿಡಕ್ಕೇ ಮೇಷ್ಟ್ರೇ. ಇನ್ಯಾರಿಗೆ?"

ಗಡಿಯಾರದವರು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿದರು. ಪುಟ ಮಗುಚಲಿಲ್ಲ. ಕತ್ತಲಾದರೂ ಚೊಂಬಿನ ನೀರು ಕಟ್ಟೆಯ ಮೇಲೆ ಹಾಗೇ ಇತ್ತು. ಮುಂದಿನ ಕಾಯಿ ಖಾರವಾಗುವುದರಲ್ಲಿ ಅನುಮಾನವಿರಲಿಲ್ಲ.